ಶಾಟ್ ಅಂದರೆ ಪದವಲ್ಲ: ಸಿನಿಮಾ ಮತ್ತು ಭಾಷಾವಿಜ್ಞಾನವನ್ನು ಒಟ್ಟಿಗೆ ಓದುವುದು

ಎಲ್ಲರಿಗೂ ನಮಸ್ಕಾರ.

ಪದವಿಗೆ ಸಿನಿಮಾ ಮತ್ತು ಭಾಷಾವಿಜ್ಞಾನ ಎರಡನ್ನೂ ಸೇರಿಸಿ ಓದುತ್ತೇನೆ ಅಂತ ಮನೆಯಲ್ಲಿ ಹೇಳಿ ನೋಡಿ. ಮೊದಲು ಬರುವ ಪ್ರಶ್ನೆ, "ಅದಕ್ಕೂ ಇದಕ್ಕೂ ಏನು ಸಂಬಂಧ?" ತಕ್ಷಣ ಬಾಯಿಗೆ ಬರುವ ಉತ್ತರವೂ ಒಂದಿದೆ: "ಸಿನಿಮಾಕ್ಕೂ ಒಂದು ಭಾಷೆ ಇದೆ, ಅಲ್ವಾ?" ಈ ಉತ್ತರ ಸಾಲದು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. "ಸಿನಿಮಾ ಭಾಷೆ" ಎನ್ನುವ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಅಂತ ಬೆರಳಿಟ್ಟು ತೋರಿಸಬೇಕಾದರೆ ಎರಡೂ ಕಡೆಯ ಪಾಠ ಆಗಿರಬೇಕು.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು ಫ್ರಾನ್ಸಿನ ಸಿನಿಮಾ ಚಿಂತಕ ಕ್ರಿಸ್ಟಿಯನ್ ಮೆಟ್ಜ್. ವರ್ಷ 1964. ಭಾಷೆಯನ್ನು ಬಿಡಿಸಿ ನೋಡಲು ಅವರು ಕೈಗೆ ತೆಗೆದುಕೊಂಡ ಸಲಕರಣೆ ಭಾಷಾವಿಜ್ಞಾನಿ ಸೊಸ್ಯೂರ್ ಅವರದು. ಸೊಸ್ಯೂರ್ ತೀರಿಕೊಂಡ ಮೂರು ವರ್ಷಕ್ಕೆ, 1916ರಲ್ಲಿ, ಅವರ ಪಾಠಗಳನ್ನು ವಿದ್ಯಾರ್ಥಿಗಳ ನೋಟ್ಸಿನಿಂದ ಪುಸ್ತಕ ಮಾಡಿದ್ದರು. ಆ ಸಲಕರಣೆ ಹಿಡಿದು ಮೆಟ್ಜ್ ಹೇಳಿದ್ದು ಸರಳ. ಪಿಸ್ತೂಲಿನ ಕ್ಲೋಸಪ್ "ಪಿಸ್ತೂಲು" ಎಂಬ ಪದಕ್ಕೆ ಸಮವಲ್ಲ. ಕಡಿಮೆ ಅಂದರೂ ಅದು "ಇಗೋ, ಇಲ್ಲೊಂದು ಪಿಸ್ತೂಲು" ಎನ್ನುವ ಪೂರ್ತಿ ವಾಕ್ಯ.

ನಾವೇ ಪರೀಕ್ಷೆ ಮಾಡೋಣ. ಕಾಲು, ಹಾಲು, ಸಾಲು. ಒಂದೇ ಒಂದು ಸದ್ದು ಬದಲಾಯಿತು, ಅರ್ಥವೇ ಬೇರೆಯಾಯಿತು. ಕ್, ಹ್, ಸ್ ಎನ್ನುವ ಸದ್ದುಗಳಿಗೆ ಸ್ವಂತ ಅರ್ಥವಿಲ್ಲ. ಅರ್ಥವಿಲ್ಲದ ಕೆಲವೇ ಬಿಡಿ ಸದ್ದುಗಳಿಂದ ಅರ್ಥವಿರುವ ಸಾವಿರಾರು ಪದಗಳು ಹುಟ್ಟುತ್ತವೆ. ಶಾಟನ್ನು, ಅಂದರೆ ನಡುವೆ ಕಟ್ ಇಲ್ಲದ ಒಂದು ತುಣುಕನ್ನು, ಹೀಗೆ ಬಿಡಿಸಲು ಬರುವುದಿಲ್ಲ. ಅರ್ಧ ಕತ್ತರಿಸಿದರೆ ಅರ್ಧ ಚಿತ್ರ ಸಿಗುತ್ತದೆ, ಅಷ್ಟೇ.

ಇನ್ನೊಂದು ನೋಡಿ. "ಮೇಜಿನ ಮೇಲೆ ಪುಸ್ತಕ ಇಲ್ಲ." ಮೂರು ವರ್ಷದ ಮಗು ಕೂಡ ಈ ವಾಕ್ಯ ಹೇಳಬಲ್ಲದು. ಒಂದು ಶಾಟಿನಲ್ಲಿ ಇದನ್ನು ಹೇಗೆ ತೋರಿಸುತ್ತೀರಿ? ಖಾಲಿ ಮೇಜು ತೋರಿಸಬಹುದು. ಆದರೆ ಅಲ್ಲಿ ಪುಸ್ತಕವೂ ಇಲ್ಲ, ಲೋಟವೂ ಇಲ್ಲ, ಆನೆಯೂ ಇಲ್ಲ. ಇಲ್ಲದಿರುವುದು ಪುಸ್ತಕವೇ ಅಂತ ನೋಡುವವರಿಗೆ ಗೊತ್ತಾಗಬೇಕಾದರೆ ಮೊದಲು ಪುಸ್ತಕ ಇದ್ದ ಮೇಜು ಬೇಕು, ಆಮೇಲೆ ಖಾಲಿ ಮೇಜು. ಅಂದರೆ ಎರಡು ಶಾಟು. "ಇಲ್ಲ" ಎನ್ನುವುದು ಎರಡರಲ್ಲಿ ಯಾವುದರ ಒಳಗೂ ಇಲ್ಲ. ಅವುಗಳ ನಡುವೆ ಇದೆ.

ಆ ನಡುವಿನ ಜಾಗವನ್ನೇ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಕೆದಕಿದ್ದು. ನಟನೊಬ್ಬನ ಒಂದೇ ಮುಖ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ. ಮುಖ ಬದಲಾಗಿಲ್ಲ, ಆದರೆ ಜನ ಅದರಲ್ಲಿ ಒಮ್ಮೆ ಹಸಿವು ಕಂಡರು, ಒಮ್ಮೆ ದುಃಖ ಕಂಡರು ಎಂದು ಹೇಳುತ್ತಾರೆ. ಸಿನಿಮಾ ತರಗತಿಯಲ್ಲಿ ಇದನ್ನು ಎಲ್ಲರೂ ಓದುತ್ತಾರೆ. ಭಾಷಾವಿಜ್ಞಾನವನ್ನೂ ಓದುವ ಹುಡುಗಿ ಮಾತ್ರ ಇಲ್ಲಿ ತಟ್ಟನೆ ತಲೆ ಎತ್ತುತ್ತಾಳೆ. ಯಾಕೆಂದರೆ ಅವಳಿಗೆ ಈ ಮಾತುಕತೆ ನೆನಪಾಗುತ್ತದೆ:

"ಸಂಜೆ ಬರ್ತೀಯಾ?"
"ನಾಳೆ ಪರೀಕ್ಷೆ ಇದೆ."

"ಬರಲ್ಲ" ಅಂತ ಯಾರೂ ಹೇಳಲೇ ಇಲ್ಲ. ಆದರೂ ಕೇಳಿದವರಿಗೆ ಗೊತ್ತಾಯಿತು. ಪಾಲ್ ಗ್ರೈಸ್ ಎಂಬ ತತ್ವಜ್ಞಾನಿ 1967ರ ತಮ್ಮ ಉಪನ್ಯಾಸಗಳಲ್ಲಿ ಇದನ್ನೇ ವಿವರಿಸಿದರು. ಎದುರಿನವರು ಸುಮ್ನೆ ಏನೋ ಹೇಳುತ್ತಿಲ್ಲ, ಈ ಮಾತಿಗೂ ನನ್ನ ಪ್ರಶ್ನೆಗೂ ಸಂಬಂಧ ಇದ್ದೇ ಇರುತ್ತದೆ ಅಂತ ನಂಬಿ ನಾವು ನಡುವಿನ ಖಾಲಿ ಜಾಗ ತುಂಬಿಕೊಳ್ಳುತ್ತೇವೆ. ಸೂಪಿನ ಬಟ್ಟಲು ನೋಡಿದವರು ಮಾಡಿದ್ದೂ ಇದೇ ಕೆಲಸ. ಹಾಗಾಗಿ ಸಿನಿಮಾಕ್ಕೂ ಮಾತಿಗೂ ನೆಂಟಸ್ತಿಕೆ ಇರುವುದು ವ್ಯಾಕರಣದ ಕಡೆಯಿಂದ ಅಲ್ಲ. ಹೇಳದೆ ಬಿಟ್ಟದ್ದನ್ನು ನಾವು ಊಹಿಸಿಕೊಳ್ಳುವ ಕಡೆಯಿಂದ. ಇಷ್ಟು ವರ್ಷ ಎರಡನ್ನೂ ಓದಿ ನಾನು ಬಂದು ನಿಂತಿರುವ ಜಾಗ ಇದು.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಕಿವುಡರು ಬಳಸುವ ಸನ್ನೆ ಭಾಷೆಗಳು ಪೂರ್ತಿ ಭಾಷೆಗಳು. ಅಮೆರಿಕದ ಸನ್ನೆ ಭಾಷೆಯಲ್ಲಿ ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಇವೆಲ್ಲ ನಮ್ಮ ಕ್, ಹ್, ಸ್ ಮಾಡುವ ಕೆಲಸವನ್ನೇ ಮಾಡುತ್ತವೆ ಎಂದು ವಿಲಿಯಂ ಸ್ಟೋಕಿ 1960ರಲ್ಲಿ ತೋರಿಸಿದರು. ಈಗ ಸನ್ನೆ ಭಾಷೆಯಲ್ಲಿ ಮಾತಾಡುತ್ತಿರುವ ಇಬ್ಬರನ್ನು ಚಿತ್ರೀಕರಿಸಿ. ಭಾವನೆ ಬೇಕು ಅಂತ ಮುಖದ ಕ್ಲೋಸಪ್‌ಗೆ ಹೋದಿರಿ. ಕೈ ಚೌಕಟ್ಟಿನಿಂದ ಆಚೆ ಹೋಯಿತು, ಮಾತೇ ತುಂಡಾಯಿತು. ಕೇಳುವವನ ಮುಖ ತೋರಿಸೋಣ ಅಂತ ಕಟ್ ಮಾಡಿದಿರಿ. ಬಾಯಿಮಾತಾದರೆ ಸದ್ದು ಹಿಂದೆ ಮುಂದುವರಿಯುತ್ತದೆ, ನಾವು ನೋಡುತ್ತಾ ಕೇಳುತ್ತೇವೆ. ಇಲ್ಲಿ ಕಟ್ ಮಾಡಿದ ಕ್ಷಣವೇ ವಾಕ್ಯ ಮಾಯ. ಎಡಿಟಿಂಗಿನಲ್ಲಿ ಸಹಜ ಅಂದುಕೊಂಡ ಎಷ್ಟೋ ಅಭ್ಯಾಸಗಳು ಕಿವಿಯಿಂದ ಕೇಳುವ ಭಾಷೆಯನ್ನು ನಂಬಿಕೊಂಡು ಬೆಳೆದವು ಅಂತ ಆಗ ಗೊತ್ತಾಗುತ್ತದೆ. ಎರಡರಲ್ಲಿ ಒಂದನ್ನೇ ಓದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಸಬ್‌ಟೈಟಲ್ ಕೂಡ ಇಂಥದ್ದೇ. ಸಾಮಾನ್ಯವಾಗಿ ಎರಡು ಸಾಲು, ಸಾಲಿಗೆ ಸುಮಾರು 40 ಅಕ್ಷರ, ಹೆಚ್ಚೆಂದರೆ ಆರೇಳು ಸೆಕೆಂಡು. ಇಬ್ಬರು ಪಾತ್ರಧಾರಿಗಳು ಸಿನಿಮಾದ ಮೊದಲರ್ಧ ಪೂರ್ತಿ "ನೀವು" ಅನ್ನುತ್ತಿರುತ್ತಾರೆ. ಒಂದು ರಾತ್ರಿ ಅವಳು "ನೀನು" ಅನ್ನುತ್ತಾಳೆ. ಕಥೆ ತಿರುಗಿದ್ದೇ ಅಲ್ಲಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕೆಲವರು ಅಲ್ಲಿ ಅವನ ಹೆಸರು ಹಾಕುತ್ತಾರೆ, ಕೆಲವರು ವಾಕ್ಯವನ್ನೇ ಸಲಿಗೆಯ ಧಾಟಿಗೆ ತಿರುಗಿಸುತ್ತಾರೆ. ಯಾವುದೂ ಪೂರ್ತಿ ಸರಿಹೋಗುವುದಿಲ್ಲ. ಈ ಒಂದು ಸಾಲಿನ ಮೇಲೆ ಒಂದು ಇಡೀ ತರಗತಿ ಜಗಳವಾಡಬಹುದು, ಆಡಬೇಕು ಕೂಡ.

ಸೇರಬೇಕು ಅನ್ನುವವರಿಗೆ ಒಂದಷ್ಟು ನೇರ ಮಾತು. ಇಂಥ ಜಂಟಿ ಪದವಿಯಲ್ಲಿ ವಿಭಾಗ ಎರಡು, ಬರೆಯುವ ರೀತಿಯೂ ಎರಡು. ಒಂದು ಕಡೆ ದೃಶ್ಯವೊಂದನ್ನು ಬಿಡಿಸಿ ವಾದ ಕಟ್ಟುವ ಪ್ರಬಂಧ. ಇನ್ನೊಂದು ಕಡೆ ದತ್ತಾಂಶ, ವಾಕ್ಯದ ರಚನೆಯನ್ನು ಕೊಂಬೆಕೊಂಬೆಯಾಗಿ ಬಿಡಿಸಿದ ಮರದಂಥ ಚಿತ್ರ, ಧ್ವನಿಯ ಅಲೆಗಳ ಚಿತ್ರ. ಮೊದಲ ವರ್ಷ ತಲೆ ಕೆಡುತ್ತದೆ, ಹೆದರಬೇಡಿ. ಕ್ಯಾಮೆರಾ ಕೈಗೆ ಸಿಗುತ್ತದೆ ಅಂತ ಮಾತ್ರ ಸೇರಬೇಡಿ. ಎಷ್ಟೋ ಕಡೆ ಸಿನಿಮಾ ಅಧ್ಯಯನ ಅಂದರೆ ನೋಡುವುದು, ಬರೆಯುವುದೇ ಜಾಸ್ತಿ. ಅಂತಿಮ ವರ್ಷದ ಪ್ರಬಂಧವನ್ನು ಎರಡೂ ವಿಷಯ ಸೇರಿಸಿ ಬರೆಯಬಹುದಾ, ಮಾರ್ಗದರ್ಶನ ಯಾರು ಮಾಡುತ್ತಾರೆ ಅಂತ ಸೇರುವ ಮೊದಲೇ ಕೇಳಿ. ಇದಕ್ಕೆ ಸ್ಪಷ್ಟ ಉತ್ತರ ಇಲ್ಲದಿದ್ದರೆ ಅದು ಒಂದು ಪದವಿಯಲ್ಲ, ಪಕ್ಕಪಕ್ಕ ಇಟ್ಟ ಎರಡು ಅರ್ಧ ಪದವಿ.

ಕಾಯದೆ ಶುರು ಮಾಡಬಹುದಾದ ಕೆಲಸವೂ ಇದೆ. ಎಲಾನ್ ಎಂಬ ಉಚಿತ ತಂತ್ರಾಂಶವಿದೆ, ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯದು. ವಿಡಿಯೊ ಓಡುತ್ತಿರುವಾಗಲೇ ಕೆಳಗೆ ಮಾತು, ಮೌನ, ಕೈಸನ್ನೆ, ನೋಟ ಎಲ್ಲವನ್ನೂ ಸಾಲುಸಾಲಾಗಿ ಗುರುತು ಹಾಕಬಹುದು. ಒಂದು ಸಾಲಿನಲ್ಲಿ ಕಟ್‌ಗಳನ್ನೂ ಗುರುತು ಮಾಡಿ. ಮಾತು ಮುಗಿಯುವುದಕ್ಕೂ ಕಟ್ ಬೀಳುವುದಕ್ಕೂ ಎಷ್ಟು ಅಂತರ ಅಂತ ಅಳೆಯಿರಿ.

ನಿಜ ಜೀವನದಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಬೇರೆ ಬೇರೆ ಭಾಷೆಗಳಲ್ಲಿ ಅಳೆದಾಗಲೂ ಹೆಚ್ಚುಕಡಿಮೆ ಇದರ ಹತ್ತಿರವೇ ಬಂದಿದೆ. ಸಿನಿಮಾದಲ್ಲಿ ಅದು ಎಷ್ಟಿರುತ್ತದೆ? ಈಗ ಪರದೆಯ ಮೇಲೆ 30 ಸೆಕೆಂಡಿನ ಎರಡು ತುಣುಕು ಬರುತ್ತವೆ. ಒಂದು ಚಿತ್ರಕಥೆ ಬರೆದು ತೆಗೆದದ್ದು. ಇನ್ನೊಂದರಲ್ಲಿ ಇಬ್ಬರು ಗೆಳೆಯರು ಸುಮ್ನೆ ಹರಟುತ್ತಿದ್ದಾರೆ. ಪೆನ್ನು ಕಾಗದ ತೆಗೆದುಕೊಳ್ಳಿ. ಕೇಳಿದ್ದನ್ನೆಲ್ಲ ಬರೆಯಿರಿ: "ಅದು", "ಅಂದ್ರೆ", "ಹೂಂ", ಅರ್ಧಕ್ಕೆ ನಿಂತ ಪದ, ಒಬ್ಬರ ಮೇಲೊಬ್ಬರು ಬಿದ್ದು ಆಡಿದ ಮಾತು, ಒಂದನ್ನೂ ಬಿಡಬೇಡಿ. ಮೊದಲ ತುಣುಕು ಸಲೀಸಾಗಿ ಮುಗಿಯುತ್ತದೆ. ಎರಡನೆಯದಕ್ಕೆ ನಾಲ್ಕೈದು ಸಲ ಹಾಕಬೇಕಾಗಬಹುದು. ದೀಪ ಆರಿಸಿ, ಶುರು ಮಾಡೋಣ.