ಮೊದಲು ಶೋಧಕ, ಆಮೇಲೆ ಸೂತ್ರ

ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಈ ಸಲ ಎಸ್‌ಎಸ್‌ಎಲ್‌ಸಿ ಗಣಿತ ಪರೀಕ್ಷೆಗೆ ಕೂರುವ ಮಕ್ಕಳು ಒಂದು ಹಾಳಿ, ಒಂದು ಪೆನ್ನು ಹಿಡಿದುಕೊಳ್ಳಿ. ಇವತ್ತು ವರ್ಗ ಸಮೀಕರಣದ ಶೋಧಕ.

ಎ ಎಕ್ಸ್ ವರ್ಗ, ಪ್ಲಸ್ ಬಿ ಎಕ್ಸ್, ಪ್ಲಸ್ ಸಿ, ಈಕ್ವಲ್ ಟು ಸೊನ್ನೆ. ಇದರ ಶೋಧಕ ಬಿ ವರ್ಗ ಮೈನಸ್ 4 ಎ ಸಿ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಎರಡು ಭಿನ್ನ ವಾಸ್ತವ ಮೂಲಗಳು, ಸೊನ್ನೆಯಾದರೆ ಎರಡೂ ಸಮ, ಕಡಿಮೆಯಾದರೆ ವಾಸ್ತವ ಮೂಲಗಳಿಲ್ಲ. ಇಷ್ಟು ಎಲ್ಲರಿಗೂ ಬಾಯಿಪಾಠ. ಅಂಕ ಹೋಗುವುದು ಎ, ಬಿ, ಸಿ ಗುರುತಿಸುವಾಗ.

ಬರೆದುಕೊಳ್ಳಿ: 2 ಎಕ್ಸ್ ವರ್ಗ ಮೈನಸ್ 5 ಎಕ್ಸ್ ಈಕ್ವಲ್ ಟು 3. ಅವಸರದಲ್ಲಿ ಸಿ ಅಂದರೆ 3 ಎಂದುಕೊಂಡರೆ 25ರಲ್ಲಿ 24 ಕಳೆದು ಶೋಧಕ 1 ಬರುತ್ತದೆ. ಮೂಲಗಳು ಒಂದೂವರೆ ಮತ್ತು 1. ಚೊಕ್ಕ ಉತ್ತರ, ಅನುಮಾನವೇ ಬರುವುದಿಲ್ಲ, ಆದರೆ ಪೂರ್ತಿ ತಪ್ಪು. 3 ಅನ್ನು ಎಡಕ್ಕೆ ತಂದು ಬಲಗಡೆ ಸೊನ್ನೆ ಉಳಿಸಿದ ಮೇಲೇ ಸಿ ನೋಡಬೇಕು. ಆಗ ಅದು ಮೈನಸ್ 3. ಶೋಧಕ 25 ಪ್ಲಸ್ 24, ಅಂದರೆ 49. ಮೂಲಗಳು 3 ಮತ್ತು ಮೈನಸ್ ಅರ್ಧ. ಸಿ ಋಣವಾಗಿದ್ದು ಎ ಧನವಾಗಿದ್ದರೆ ಶೋಧಕ ಕಡಿಮೆಯಾಗುವ ಮಾತೇ ಇಲ್ಲ, ಬಿ ವರ್ಗಕ್ಕೆ ಕೂಡುತ್ತಲೇ ಹೋಗುತ್ತದೆ. ಇನ್ನೊಂದು: ಮೈನಸ್ 5ರ ವರ್ಗ 25, ಮೈನಸ್ 25 ಅಲ್ಲ. ಆವರಣ ಹಾಕಿ ಬರೆಯಿರಿ.

49 ಪೂರ್ಣ ವರ್ಗ. ಸಹಗುಣಕಗಳು ಪೂರ್ಣಾಂಕಗಳಾಗಿದ್ದು ಶೋಧಕ ಪೂರ್ಣ ವರ್ಗವಾದರೆ ಅಪವರ್ತನ ಆಗಿಯೇ ತೀರುತ್ತದೆ. 6 ಎಕ್ಸ್ ವರ್ಗ ಮೈನಸ್ ಎಕ್ಸ್ ಮೈನಸ್ 12ಕ್ಕೆ ಶೋಧಕ 289, ಅಂದರೆ 17ರ ವರ್ಗ. ಧೈರ್ಯವಾಗಿ ಮಧ್ಯಪದ ಒಡೆಯಿರಿ, ಮೈನಸ್ 9 ಮತ್ತು ಪ್ಲಸ್ 8. ಎಕ್ಸ್ ವರ್ಗ ಮೈನಸ್ 3 ಎಕ್ಸ್ ಮೈನಸ್ 1ಕ್ಕೆ ಶೋಧಕ 13. ಇಲ್ಲಿ ಜೋಡಿ ಹುಡುಕುತ್ತ ಕೂತರೆ ಹೊತ್ತು ಹೋಗುತ್ತದೆ, ಜೋಡಿ ಸಿಗದು. ನೇರ ಸೂತ್ರಕ್ಕೆ ಹೋಗಿ.

ಈಗ ಕೆ ಬೆಲೆ ಕೇಳುವ ಪ್ರಶ್ನೆ. ಕೆ ಎಕ್ಸ್ ವರ್ಗ ಮೈನಸ್ 2 ಕೆ ಎಕ್ಸ್ ಪ್ಲಸ್ 5, ಈಕ್ವಲ್ ಟು ಸೊನ್ನೆ, ಮೂಲಗಳು ಸಮ. ಶೋಧಕ 4 ಕೆ ವರ್ಗ ಮೈನಸ್ 20 ಕೆ. ಸೊನ್ನೆಗೆ ಸಮ ಮಾಡಿದ ಕೂಡಲೇ ಎರಡೂ ಕಡೆ ಕೆ ಹೊಡೆದುಹಾಕಬೇಡಿ. 4 ಕೆ ಹೊರತೆಗೆಯಿರಿ: ಕೆ ಸೊನ್ನೆ ಅಥವಾ 5. ಸೊನ್ನೆ ಹಾಕಿದರೆ 5 ಈಕ್ವಲ್ ಟು ಸೊನ್ನೆ ಎಂದಾಗುತ್ತದೆ, ವರ್ಗ ಸಮೀಕರಣವೇ ಉಳಿಯದು. ಆ ಕಾರಣ ಒಂದು ಸಾಲು ಬರೆದು ಸೊನ್ನೆ ಬಿಡಿ. ಆದರೆ ಎಕ್ಸ್ ವರ್ಗ ಮೈನಸ್ ಕೆ ಎಕ್ಸ್ ಪ್ಲಸ್ 16ರಲ್ಲಿ ಕೆ ವರ್ಗ 64. ಪ್ಲಸ್ 8, ಮೈನಸ್ 8 ಎರಡೂ ಸರಿ, ಒಂದನ್ನೂ ಬಿಡುವಂತಿಲ್ಲ.

ಪ್ರಶ್ನೆಯ ಪದ ನೋಡಿ. "ಭಿನ್ನ" ಎಂದಿಲ್ಲದೆ ಬರೀ "ವಾಸ್ತವ ಮೂಲಗಳು" ಎಂದಿದ್ದರೆ ಶೋಧಕ ಸೊನ್ನೆಯೂ ಆಗಬಹುದು. 3 ಎಕ್ಸ್ ವರ್ಗ ಮೈನಸ್ 6 ಎಕ್ಸ್ ಪ್ಲಸ್ ಕೆ: 36 ಮೈನಸ್ 12 ಕೆ ಸೊನ್ನೆ ಅಥವಾ ಹೆಚ್ಚು. 12 ಕೆಯನ್ನು ಆಚೆ ಕಳಿಸಿ ಭಾಗಿಸಿದರೆ ಕೆ 3 ಅಥವಾ ಕಡಿಮೆ. ಮೈನಸ್ 12ರಿಂದ ಭಾಗಿಸುವವರು ಚಿಹ್ನೆ ತಿರುಗಿಸಲು ಮರೆಯುತ್ತಾರೆ.

ಇನ್ನು ಮಾತಿನ ಲೆಕ್ಕ. ನವಲೂರಿನ ಪೇರಲ ತೋಟದಲ್ಲಿ 60 ಮೀಟರ್ ತಂತಿಯಿಂದ ಆಯತದ ಬೇಲಿ ಹಾಕಿ 240 ಚದರ ಮೀಟರ್ ಸುತ್ತುವರಿಯಬಹುದೇ? ಉದ್ದ, ಅಗಲ ಸೇರಿ 30. ಎಕ್ಸ್ ವರ್ಗ ಮೈನಸ್ 30 ಎಕ್ಸ್ ಪ್ಲಸ್ 240. ಶೋಧಕ 900 ಮೈನಸ್ 960, ಅಂದರೆ ಮೈನಸ್ 60. ಆಗದು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಹೇಳಿದ್ದರು. ಹತ್ತನೆಯ ತರಗತಿಗೆ ಅಷ್ಟು ಸಾಕು. "ಶೋಧಕ ಸೊನ್ನೆಗಿಂತ ಕಡಿಮೆ, ಆದ್ದರಿಂದ ಇಂಥ ತೋಟ ಸಾಧ್ಯವಿಲ್ಲ" ಎಂದು ವಾಕ್ಯ ಬರೆದು ಮುಗಿಸಿ, ಮೈನಸ್ 60 ಬರೆದು ನಿಲ್ಲಿಸಬೇಡಿ. 225 ಕೇಳಿದರೆ ಶೋಧಕ ಸೊನ್ನೆ, ತೋಟ 15ಕ್ಕೆ 15ರ ಚೌಕ. ಈ ತಂತಿಗೆ ಅದಕ್ಕಿಂತ ಹೆಚ್ಚು ಜಾಗ ದಕ್ಕದು. 200 ಕೇಳಿದರೆ ಶೋಧಕ 100, ಮೂಲಗಳು 10 ಮತ್ತು 20.

ಈಗ ಒಂದು ಬದಿಗೆ ಗೋಡೆಯಿದೆ, ತಂತಿ ಮೂರೇ ಬದಿಗೆ, ವಿಸ್ತೀರ್ಣ 400 ಎನ್ನಿ. ಗೋಡೆಗೆ ಲಂಬವಾದ ಬದಿ ಎಕ್ಸ್ ಆದರೆ ಇನ್ನೊಂದು 60 ಮೈನಸ್ 2 ಎಕ್ಸ್. ಎಲ್ಲ ಎಡಕ್ಕೆ ತಂದು 2ರಿಂದ ಭಾಗಿಸಿದರೆ ಅದೇ ಎಕ್ಸ್ ವರ್ಗ ಮೈನಸ್ 30 ಎಕ್ಸ್ ಪ್ಲಸ್ 200, ಅದೇ 10 ಮತ್ತು 20. ಗೋಡೆಯಿಲ್ಲದ ಹಿಂದಿನ ಲೆಕ್ಕದಲ್ಲಿ ಎರಡು ಮೂಲಗಳೂ ಒಂದೇ ತೋಟದ ಉದ್ದ, ಅಗಲ. ಇಲ್ಲಿ 10 ಹಾಕಿದರೆ 10ಕ್ಕೆ 40, 20 ಹಾಕಿದರೆ 20ಕ್ಕೆ 20: ಎರಡು ಬೇರೆ ತೋಟ. ಉತ್ತರದಲ್ಲಿ ಎರಡನ್ನೂ ಬರೆಯಬೇಕು.