ಹಳೇ ಕ್ಯಾರವಾನ್ ಕೊಳ್ಳೋ ಮುಂಚೆ ಮೂಲೆ ಒತ್ತಿ ನೋಡಿ

ಎಲ್ರಿಗೂ ನಮಸ್ಕಾರ. ಕ್ಯಾರವಾನ್ ಅಂದ್ರೆ ಕೆಲವರಿಗೆ ಶೂಟಿಂಗ್ ನಡೆಯೋ ಜಾಗದಲ್ಲಿ ನಿಂತಿರೋ ದೊಡ್ಡ ಬಸ್ಸು ನೆನಪಾಗಬಹುದು, ನಾನು ಹೇಳ್ತಿರೋದು ಅದಲ್ಲ, ಕಾರಿನ ಹಿಂದೆ ಸಿಕ್ಕಿಸಿ ಎಳ್ಕೊಂಡು ಹೋಗೋ ಪುಟ್ಟ ಮನೆ, ಹಾಸಿಗೆ, ಒಲೆ, ಸಿಂಕು, ಫ್ರಿಜ್ಜು ಎಲ್ಲಾ ಇರತ್ತಲ್ಲ, ಅದು. ಹೊಸದು ಕೊಳ್ಳೋದು ಎಲ್ರಿಗೂ ಆಗೋ ಮಾತಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕ್ತೀವಿ. ಮೋಸ ಹೋಗೋದೂ ಅಲ್ಲೇ.

ನಾನು ಮೊದಲನೇ ಸಲ ಕೊಂಡಾಗ ಏನೇನ್ ನೋಡ್ದೆ ಗೊತ್ತಾ? ಕರ್ಟನ್ ನೋಡ್ದೆ. ಸೀಟು ಮೆತ್ತಗಿದೆಯಾ ಅಂತ ಕೂತು ನೋಡ್ದೆ. ಒಲೆ ಹತ್ತತ್ತಾ, ಲೈಟ್ ಉರಿಯತ್ತಾ, ನಲ್ಲೀಲಿ ನೀರು ಬರತ್ತಾ, ಅಷ್ಟೇ. ಸೀಟಿಗೆಲ್ಲ ಹೊಸ ಬಟ್ಟೆ ಹೊದಿಸಿದ್ರು, ಗೋಡೆಗೆ ಹೊಸ ವಾಲ್‌ಪೇಪರ್, ಒಳಗೆ ಕಾಲಿಟ್ರೆ ಘಮ್ ಅನ್ನೋ ಸೆಂಟು. ಆ ಸೆಂಟು ಯಾಕೆ ಹೊಡೆದಿದಾರೆ ಅಂತ ಆವತ್ತು ನನ್ ತಲೆಗೆ ಹೊಳೀಲೇ ಇಲ್ಲ. ನಾಲ್ಕು ತಿಂಗಳು ಬಿಟ್ಟು, ಕಪಾಟಿನ ಹಿಂದೆ ಬಿದ್ದ ಒಂದು ಸ್ಕ್ರೂ ಹುಡುಕೋಕೆ ಅಂತ ಕೈ ಹಾಕಿ ಗೋಡೆಗೆ ಊರಿದ್ರೆ ಹೆಬ್ಬೆರಳು ಗೋಡೆ ಒಳಗೇ ಹೋಗ್ಬಿಡ್ತು, ನೆನೆದ ರಟ್ಟಿನ ಡಬ್ಬಕ್ಕೆ ಬೆರಳು ಚುಚ್ಚಿದಂಗೆ. ಎಳ್ಕೊಂಡ್ರೆ ಉಗುರಿನ ಸಂದೀಲಿ ಕಪ್ಪಗೆ ಕೊಳೆತ ಮರದ ಪುಡಿ. ಅಗ್ಗ ಅಂತ ಮುಗ್ಗಿದ ಜೋಳ ತಂದಂಗೆ ಅಂತಾರಲ್ಲ, ಪಕ್ಕಾ ಅದೇ, ಮುಗ್ಗಲು ವಾಸನೆ ಸಮೇತ.

ಆಮೇಲೆ ಎರಡು ಮೂರು ಗಾಡಿ ಬಿಚ್ಚಿ ಕಟ್ಟಿ ನನಗೆ ಅರ್ಥ ಆಗಿದ್ದು ಏನಪ್ಪಾ ಅಂದ್ರೆ, ಕ್ಯಾರವಾನಲ್ಲಿ ಒಂದು ದೋಷ ಎಷ್ಟು ಕೆಟ್ಟದಾಗಿ ಕಾಣತ್ತೆ ಅನ್ನೋದಕ್ಕೂ ಅದು ಎಷ್ಟು ದುಡ್ಡು ತಿನ್ನತ್ತೆ ಅನ್ನೋದಕ್ಕೂ ಸಂಬಂಧನೇ ಇಲ್ಲ. ಹರಿದ ಸೀಟು, ಕೆಟ್ಟ ನೀರಿನ ಪಂಪು, ಸತ್ತ ಬ್ಯಾಟರಿ, ಇವನ್ನ ನೋಡಿ ಜನ ಹೆದರಿ ವಾಪಸ್ ಹೋಗ್ತಾರೆ, ಆದ್ರೆ ಹೊಸದು ತಂದು ಹಾಕಿದ್ರೆ ಮುಗೀತು. ಮೂಲೇಲಿ ಅಂಗೈ ಅಗಲದ ಕಂದು ಕಲೆ ಇದ್ರೆ ಅಯ್ಯೋ ಒರೆಸಿದ್ರೆ ಹೋಗತ್ತೆ ಬಿಡಿ ಅಂತಾರೆ, ಅದು ಇಡೀ ಗಾಡಿ ಬೆಲೇನೇ ನುಂಗಬಹುದು.

ಯಾಕೆ ಅಂತ ತಿಳ್ಕೊಬೇಕು ಅಂದ್ರೆ ಗೋಡೆ ಹೆಂಗೆ ಕಟ್ಟಿರ್ತಾರೆ ಅಂತ ಗೊತ್ತಿರಬೇಕು. ಮೋಜಿಗೆ ಅಂತಲೇ ಮಾಡಿಸಿದ ಮೊದಮೊದಲ ಕ್ಯಾರವಾನುಗಳಲ್ಲಿ ಒಂದು 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟ್ರು ಕಟ್ಟಿಸಿದ್ದು, ಹೆಸರು ವಾಂಡರರ್, ಕುದುರೆ ಎಳೀತಿತ್ತು, ಮೈಯೆಲ್ಲ ಗಟ್ಟಿ ಮರ. ಅಂಥದ್ರಲ್ಲಿ ಮರ ಕೊಳೆತ್ರೆ ಕಣ್ಣಿಗೇ ಕಾಣತ್ತೆ. ಈಗಿನ ಕಾಲದ್ದು ಹಂಗಲ್ಲ. ಹೊರಗೆ ತೆಳ್ಳನೆ ಅಲ್ಯುಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್ ಅದರ ಮೇಲೆ ವಾಲ್‌ಪೇಪರ್, ಮಧ್ಯದಲ್ಲಿ ಥರ್ಮಾಕೋಲ್ ಥರದ ಫೋಮು, ಅದರ ನಡುವೆ ಮರದ ಪಟ್ಟಿಗಳ ಚೌಕಟ್ಟು, ಎಲ್ಲಾ ಗಮ್ಮು ಹಾಕಿ ಅಂಟಿಸಿರ್ತಾರೆ. ಹೊಸಾ ಗಾಡಿಗಳಲ್ಲಿ ಕೆಲವು ಕಂಪನಿಯೋರು ಮರ ಬಿಟ್ಟು ಪ್ಲಾಸ್ಟಿಕ್ ಪಟ್ಟಿ, ಫೈಬರ್ ಹೊದಿಕೆ ಹಾಕ್ತಾರೆ, ಆದ್ರೆ ಹಳೇದರಲ್ಲಿ ನಿಮ್ಗೆ ಸಿಗೋದು ಹೆಚ್ಚಾಗಿ ಮರನೇ. ತಗಡು ಹೊರಗೆ ತುಕ್ಕು ಹಿಡಿಯಲ್ಲ, ಥಳಥಳ ಅಂತಲೇ ಇರತ್ತೆ, ಒಳಗೆ ಮರ ಮಾತ್ರ ಮಣ್ಣಾಗಿರತ್ತೆ. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು.

ನೀರು ಎಲ್ಲಿಂದ ಬರತ್ತೆ? ಎರಡು ತಗಡು ಕೂಡೋ ಮೂಲೇಲಿ, ಮೇಲಿಂದ ಕೆಳಗಿನವರೆಗೆ ಒಂದು ಅಲ್ಯುಮಿನಿಯಂ ಪಟ್ಟಿ ಓಡಿರತ್ತೆ, ಟೆಂಟ್ ಸಿಕ್ಕಿಸೋ ಪಟ್ಟಿ, ಅದನ್ನ ಸಾಲಾಗಿ ಸ್ಕ್ರೂ ಹೊಡೆದು ಕೂರಿಸಿ ಕೆಳಗೆ ಸೀಲೆಂಟ್, ಅಂದ್ರೆ ನೀರು ಬರದಂಗೆ ಸಂದು ಮುಚ್ಚೋ ಅಂಟು, ಹಚ್ಚಿರ್ತಾರೆ. ಒಂದೊಂದು ಸ್ಕ್ರೂನೂ ಒಂದೊಂದು ತೂತು ಅನ್ನೋದು ನೆನಪಿಟ್ಕೊಳ್ಳಿ. ವರ್ಷಗಟ್ಟಲೆ ಬಿಸಿಲು, ಚಳಿ, ರಸ್ತೆ ಕುಲುಕಾಟ ತಿಂದು ಆ ಸೀಲೆಂಟ್ ಒಣಗಿ ಬಿರುಕು ಬಿಡತ್ತೆ. ಒಂದು ಹನಿ, ಮಳೆ ಬಂದಾಗೆಲ್ಲ ಒಂದು ಹನಿ, ಅಷ್ಟು ಸಾಕು. ಚಾವಣಿ ಕಿಟಕಿ ಸುತ್ತ, ಪಕ್ಕದ ಕಿಟಕಿ ರಬ್ಬರು, ಹೊರಗಿನ ಲೈಟು, ನೀರು ತುಂಬೋ ಬಾಯಿ, ಅಂದ್ರೆ ತಗಡು ಕೊರೆದಿರೋ ಜಾಗ ಎಲ್ಲಾ ಅನುಮಾನದ ಜಾಗನೇ.

ನೋಡೋಕೆ ಹೋಗೋದು ಮಳೆ ಬಂದು ನಿಂತ ಮೇಲೆ ಒಳ್ಳೇದು. ಬಾಗಿಲು ತೆಗೆದ ತಕ್ಷಣ ಮೊದಲ ಉಸಿರು ಮೂಗಲ್ಲಿ ಎಳೀರಿ, ಎರಡು ನಿಮಿಷ ಆದ್ಮೇಲೆ ಮೂಗು ಒಗ್ಗಿಹೋಗತ್ತೆ, ಆಮೇಲೆ ಏನೂ ಗೊತ್ತಾಗಲ್ಲ. ಮುಗ್ಗಲು ವಾಸನೆ ಬಂದ್ರೆ ತೇವ ಇದೆ ಅಂತ ಅರ್ಥ, ಸೆಂಟಿನ ವಾಸನೆ ಬಂದ್ರೆ ಇನ್ನೂ ಎಚ್ಚರ. ಆಮೇಲೆ ಸೀಟೆಲ್ಲ ಎತ್ತಿ, ಮಂಚದ ಕೆಳಗೆ ತಲೆ ಹಾಕಿ, ಕಪಾಟಿನೊಳಗೆ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ, ಟಾರ್ಚ್ ನೇರ ಬಿಡಬೇಡಿ, ಗೋಡೆಗೆ ಒರಗಿಸಿ ಓರೆಯಾಗಿ ಬಿಡಿ, ಉಬ್ಬಿರೋದು, ಸುಕ್ಕಾಗಿರೋದು ಆಗ ನೆರಳು ಬಿದ್ದು ಎದ್ದು ಕಾಣತ್ತೆ. ಸಣ್ಣ ಸಣ್ಣ ಕಪ್ಪು ಚುಕ್ಕಿ ಇದ್ರೆ ಬೂಷ್ಟು. ಪ್ಲೈವುಡ್‌ಗೆ ಹೊಡೆದ ಪಿನ್ನುಗಳ ಸುತ್ತ ತುಕ್ಕಿನ ಕಲೆ ಇದ್ರೆ ನೀರು ಬಂದಿದ್ದು ನಿನ್ನೆ ಮೊನ್ನೆ ಅಲ್ಲ. ಆಮೇಲೆ ಹೆಬ್ಬೆರಳು. ಗಟ್ಟಿಯಾಗಿ ಒತ್ತಿ, ನಾಚ್ಕೋಬೇಡಿ, ಮಾರೋರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ.

ಮಾಯಿಶ್ಚರ್ ಮೀಟರ್ ಅಂತ ಸಿಗತ್ತೆ, ಎರಡು ಸೂಜಿ ಇರತ್ತೆ, ಮರಕ್ಕೆ ಚುಚ್ಚಿದ್ರೆ ಆ ಎರಡರ ಮಧ್ಯೆ ಕರೆಂಟ್ ಎಷ್ಟು ಸಲೀಸಾಗಿ ಹರಿಯತ್ತೆ ಅಂತ ನೋಡಿ ತೇವ ಎಷ್ಟು ಪರ್ಸೆಂಟ್ ಅಂತ ಹೇಳತ್ತೆ. ಈ ಕೆಲಸದೋರು ಸಾಮಾನ್ಯವಾಗಿ ಇಟ್ಕೊಳ್ಳೋ ಲೆಕ್ಕ ಹಿಂಗೆ: 15ರ ಒಳಗಿದ್ರೆ ಚಿಂತೆ ಇಲ್ಲ, 15ರಿಂದ 20 ಅಂದ್ರೆ ಕಣ್ಣಿಟ್ಟಿರಬೇಕು, 20 ದಾಟಿದ್ರೆ ಎಲ್ಲೋ ಸೋರ್ತಿದೆ, 30 ದಾಟಿದ್ರೆ ಮರ ಕೊಳೆತಿರೋ ಸಾಧ್ಯತೆನೇ ಜಾಸ್ತಿ. ಆದ್ರೆ ಮೀಟರ್ ಒಂದೇ ನಂಬ್ಕೊಂಡು ಹೋಗಬೇಡಿ, ವಾಲ್‌ಪೇಪರ್ ಹಿಂದೆ ಲೋಹದ ಹಾಳೆ ಸಿಕ್ರೆ ಸುಮ್ನೆ ಜಾಸ್ತಿ ತೋರಿಸತ್ತೆ, ಒಂದು ವಾರ ಒಳಗೆ ಹೀಟರ್ ಹಾಕಿ ಒಣಗಿಸಿಟ್ಟಿದ್ರೆ ಕಮ್ಮಿ ತೋರಿಸತ್ತೆ. ಅದಕ್ಕೆ ನಾನು ಮಾಡೋದು, ಮೊದಲು ಗೋಡೆ ಮಧ್ಯದಲ್ಲಿ, ಕಿಟಕಿ ಮೂಲೆ ಏನೂ ಇಲ್ಲದ ಜಾಗದಲ್ಲಿ ಒಂದು ಸಲ ನೋಡ್ತೀನಿ, ಆಮೇಲೆ ಮೂಲೆಗಳಲ್ಲಿ ನೋಡ್ತೀನಿ, ಅದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅನ್ನೋದೇ ನನಗೆ ಮುಖ್ಯ. ಚುಚ್ಚೋ ಮುಂಚೆ ಮಾರೋರನ್ನ ಒಂದು ಮಾತು ಕೇಳಿ, ಅವರ ಗೋಡೆ ಅದು.

ಈಗ ಖರ್ಚಿನ ಮಾತು. ತೇವದ ರಿಪೇರೀಲಿ ಸಾಮಾನಿಗೆ ಹೋಗೋ ದುಡ್ಡು ಕಮ್ಮಿ, ನಾಲ್ಕು ಮರದ ಪಟ್ಟಿ, ಒಂದು ಪ್ಲೈವುಡ್, ಸೀಲೆಂಟ್, ಅಷ್ಟೇ. ಹೋಗೋದೆಲ್ಲ ಕೂಲಿಗೆ. ಒಂದು ಮೂಲೆ ಸರಿ ಮಾಡೋಕೆ ಮಂಚ ಬಿಚ್ಚಬೇಕು, ಕಪಾಟು ಬಿಚ್ಚಬೇಕು, ಕಿಟಕಿ ತೆಗೀಬೇಕು, ಹೊರಗಡೆ ಆ ಪಟ್ಟಿ ಪೂರ್ತಿ ಕಳಚಬೇಕು, ಒಣಗೋಕೆ ಬಿಡಬೇಕು, ಆಮೇಲೆ ಎಲ್ಲಾ ವಾಪಸ್ ಜೋಡಿಸಬೇಕು. ಎಲ್ಲಕ್ಕಿಂತ ಕಷ್ಟದ್ದು ಏನಂದ್ರೆ ಬಿಚ್ಚೋವರೆಗೂ ಎಷ್ಟು ಕೊಳೆತಿದೆ ಅಂತ ಯಾರಿಗೂ ಗೊತ್ತಾಗಲ್ಲ, ನೀರು ಮೇಲಿಂದ ಒಳಗೆ ಬಂದು ಎಲ್ಲೋ ಕೆಳಗೆ ಹೋಗಿ ಕೂತಿರತ್ತೆ, ಕಲೆ ಕಾಣೋ ಜಾಗನೇ ಒಂದು, ಸೋರೋ ಜಾಗನೇ ಇನ್ನೊಂದು. ಅದಕ್ಕೇ ನಾನು ಬೇರೆ ಎಲ್ಲಾ ರಿಪೇರಿಗೂ ಕೇಳಿದ ಅಂದಾಜನ್ನ ಹಂಗೇ ಬರ್ಕೋತೀನಿ, ಗೋಡೆ ತೇವದ್ದು ಮಾತ್ರ ಎರಡರಿಂದ ಗುಣಿಸಿ ಬರ್ಕೋತೀನಿ. ಒಂದೇ ಮೂಲೆ ಆದ್ರೆ ಯೋಚನೆ ಮಾಡಬಹುದು. ಎರಡು ಕಡೆ ಬೆರಳು ಮೆತ್ತಗೆ ಹೋಯ್ತು ಅಂದ್ರೆ ಕೈ ಮುಗಿದು ಬಂದ್ಬಿಡಿ, ಬೆಲೆ ಎಷ್ಟೇ ಇಳಿಸಿದ್ರೂ ಸರಿ.

ನೆಲದ್ದು ಇದಕ್ಕೆ ಉಲ್ಟಾ. ಬಾಗಿಲ ಹತ್ರ, ಒಲೆ ಮುಂದೆ, ಅಂದ್ರೆ ಜನ ಜಾಸ್ತಿ ತುಳಿಯೋ ಕಡೆ ಕಾಲಿಟ್ರೆ ಕಿರ್ ಕಿರ್ ಅನ್ನತ್ತೆ, ಒಂಚೂರು ಜಗ್ಗತ್ತೆ. ಜನ ಹೆದರೋದು ಇದಕ್ಕೇ, ನೆಲನೇ ಕುಸೀತಿದೆಯಲ್ಲಪ್ಪ ಅಂತ. ನಿಜವಾಗಿ ಆಗಿರೋದು ಪ್ಲೈವುಡ್ಡಿಗೂ ಫೋಮಿಗೂ ಮಧ್ಯೆ ಗಮ್ಮು ಬಿಟ್ಕೊಂಡಿರತ್ತೆ ಅಷ್ಟೇ. ಸಾಲಾಗಿ ಸಣ್ಣ ತೂತು ಕೊರೆದು ರೆಸಿನ್ (ಒಣಗಿದ್ರೆ ಗಟ್ಟಿಯಾಗೋ ಅಂಟು) ತುಂಬಿ, ಮರದ ಬೆಣೆ ಬಡಿದು, ಮೇಲೆ ಭಾರ ಹೇರಿ ಬಿಟ್ರೆ ಗಟ್ಟಿಯಾಗತ್ತೆ. ಆದ್ರೆ ಒಂದು ಷರತ್ತು, ನೆಲ ಒಣಗಿರಬೇಕು. ಅಲ್ಲೂ ಮೀಟರ್ ಜಾಸ್ತಿ ತೋರಿಸಿದ್ರೆ, ಗಾಡಿ ಕೆಳಗೆ ಮಲಗಿ ನೋಡ್ದಾಗ ಪ್ಲೈವುಡ್ ಕಪ್ಪಾಗಿ ಎಳೆ ಎಳೆ ಬಿಟ್ಟಿದ್ರೆ, ಅದು ಕೊಳೆತಿರೋದೇ, ರೆಸಿನ್ ಹಾಕಿ ಪ್ರಯೋಜನ ಇಲ್ಲ.

ಕೆಳಗೆ ಮಲಗಿದ್ದೀರಲ್ಲ, ಹಂಗೇ ಚಾಸಿನೂ ನೋಡ್ಕೊಂಡುಬಿಡಿ. ಟೈರಿನ ಗುಂಡಿ, ಅಂದ್ರೆ ಮೇಲಿನ ಉಬ್ಬು ಅಚ್ಚು, ಚೆನ್ನಾಗಿದೆ ಅಂತ ನೋಡಿ ಮೋಸ ಹೋಗಬೇಡಿ, ಕ್ಯಾರವಾನ್ ವರ್ಷದಲ್ಲಿ ಎಷ್ಟು ಓಡತ್ತೆ ಹೇಳಿ, ಟೈರು ಸವೆಯಲ್ಲ, ಕೂತಲ್ಲೇ ಕೂತು ರಬ್ಬರ್ ಮುದಿಯಾಗತ್ತೆ. ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಐದು ವರ್ಷ ಆದ್ರೆ ಬದಲಾಯಿಸೋ ಯೋಚನೆ ಮಾಡಬೇಕು, ಏಳು ದಾಟಿದ್ರೆ ಗುಂಡಿ ಎಷ್ಟೇ ಇರಲಿ ಹೊಸ ಟೈರಿನ ದುಡ್ಡು ಬೆಲೇಲಿ ಕಳೀರಿ. ಆಮೇಲೆ ಗಾಡೀನ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ, ಚಕ್ರಕ್ಕೂ ಮೇಲಿನ ಕಮಾನಿಗೂ ಇರೋ ಸಂದು ಎರಡೂ ಕಡೆ ಒಂದೇ ಥರ ಇದೆಯಾ ಅಂತ. ಬಹಳಷ್ಟು ಕ್ಯಾರವಾನಲ್ಲಿ ಸ್ಪ್ರಿಂಗ್ ಇರಲ್ಲ, ಆ್ಯಕ್ಸಲ್ ಕೊಳವೆ ಒಳಗೆ ರಬ್ಬರ್ ಸರಳು ತುರುಕಿರ್ತಾರೆ, ಅದೇ ತಿರುಚ್ಕೊಂಡು ಸ್ಪ್ರಿಂಗ್ ಕೆಲಸ ಮಾಡತ್ತೆ. ಆ ರಬ್ಬರ್ ಸತ್ರೆ ಒಂದು ಕಡೆ ಕೂತುಬಿಡತ್ತೆ, ಅದನ್ನ ಬಿಚ್ಚಿ ರಿಪೇರಿ ಮಾಡೋಕೆ ಬರಲ್ಲ, ಇಡೀ ಆ್ಯಕ್ಸಲ್ಲೇ ಹೊಸದು ಹಾಕಬೇಕು. ಇದೂ ಕಣ್ಣಿಗೆ ಕಾಣದ ದುಬಾರಿ ಸಾಲಿಗೆ. ಬೇರಿಂಗು, ಬ್ರೇಕ್ ಶೂ ಇವೆಲ್ಲ ಮಾಮೂಲಿ ಸರ್ವಿಸ್ ಖರ್ಚು, ಜಾಕ್ ಹಾಕಿ ಎತ್ತಿ ಚಕ್ರ ತಿರುಗಿಸಿ, ಗರಗರ ಅಂದ್ರೆ ಬೇರಿಂಗ್ ಹೋಗಿದೆ, ಅಷ್ಟೇ.

ಫ್ರಿಜ್ ಬಗ್ಗೆ ಒಂದು ಮಾತು. ಇದು ಮನೆ ಫ್ರಿಜ್ ಥರ ಅಲ್ಲ, ಬಹಳಷ್ಟರಲ್ಲಿ ಕಂಪ್ರೆಸರ್ ಇರಲ್ಲ, ಅಮೋನಿಯಾ, ನೀರು, ಹೈಡ್ರೋಜನ್ ಇಟ್ಕೊಂಡು ಶಾಖದಿಂದಲೇ ತಂಪು ಮಾಡತ್ತೆ, ವಿಚಿತ್ರ ಅನ್ಸತ್ತೆ ಆದ್ರೆ ನಿಜ. ತಣ್ಣಗಾಗೋಕೆ ಗಂಟೆಗಟ್ಟಲೆ ಬೇಕು, ಹಾಗಾಗಿ ಹಿಂದಿನ ದಿನನೇ ಫೋನ್ ಮಾಡಿ ಆನ್ ಮಾಡಿಡಿ ಅಂತ ಹೇಳಿ. ನೀವು ಹೋದಾಗ ಈಗ ತಾನೇ ಹಾಕಿದ್ದೀನಿ ಅಂದ್ರೆ ಅದು ಕೆಟ್ಟಿದೆ ಅಂತಲೇ ಲೆಕ್ಕ ಹಾಕ್ಕೊಳ್ಳಿ. ಹಿಂಭಾಗದಲ್ಲಿ ಕೊಳವೆ ಸುತ್ತ ಹಳದಿ ಪುಡಿ ಕಂಡ್ರೆ, ಘಾಟು ವಾಸನೆ ಬಂದ್ರೆ ಒಳಗಿನ ದ್ರಾವಣ ಸೋರಿದೆ, ಅದಕ್ಕೆ ಆಗೋ ಖರ್ಚಲ್ಲಿ ಹೊಸ ಫ್ರಿಜ್ಜೇ ತಗೋಬಹುದು ಅನ್ನಿಸತ್ತೆ. ನೀರು ಕಾಯಿಸೋ ಟ್ಯಾಂಕ್ ಚಳಿ ದೇಶದ ಗಾಡಿ ಆದ್ರೆ ಖಂಡಿತ ತುಂಬಿಸಿ ನೋಡಿ, ನೀರು ಹೆಪ್ಪುಗಟ್ಟಿದ್ರೆ ಸುಮಾರು 9 ಪರ್ಸೆಂಟ್ ಉಬ್ಬತ್ತೆ, ಖಾಲಿ ಮಾಡದೆ ಬಿಟ್ಟಿದ್ರೆ ಟ್ಯಾಂಕ್ ಸೀಳಿರಬಹುದು. ಗ್ಯಾಸಿನ ವಿಷಯದಲ್ಲಿ ಮಾತ್ರ ನೀವೇ ಬುದ್ಧಿವಂತಿಕೆ ತೋರಿಸೋಕೆ ಹೋಗಬೇಡಿ, ಪೈಪು ರೆಗ್ಯುಲೇಟರ್ ತಾರೀಕು ನೋಡ್ಕೊಳ್ಳಿ, ಉಳಿದಿದ್ದು ಗೊತ್ತಿರೋರ ಹತ್ರ ಟೆಸ್ಟ್ ಮಾಡಿಸಿ.

ಇನ್ನು ಹೊರಗಿನ ಪ್ಲಾಸ್ಟಿಕ್. ಮುಂದಿನ ಹಿಂದಿನ ಮುಖ ಹಲವು ಗಾಡೀಲಿ ಅಚ್ಚು ಹಾಕಿದ ಪ್ಲಾಸ್ಟಿಕ್ಕು, ಕಿಟಕಿ ಅಕ್ರಿಲಿಕ್ಕು. ಕೂದಲೆಳೆ ಬಿರುಕು ತಾನೇ ಅನ್ಸತ್ತೆ. ಆದ್ರೆ ಆ ಕಂಪನಿ ಮುಚ್ಚಿಹೋಗಿದ್ರೆ, ಮಾಡೆಲ್ ನಿಂತುಹೋಗಿದ್ರೆ ಆ ಅಳತೆಯ ಪ್ಯಾನಲ್ ಎಲ್ಲೂ ಸಿಗಲ್ಲ, ಹೇಳಿ ಮಾಡಿಸಬೇಕು, ಇಲ್ಲಾ ಹಿಂದಿನಿಂದ ಫೈಬರ್ ಕೊಟ್ಟು ತೇಪೆ ಹಾಕಬೇಕು. ಕೊಳ್ಳೋ ಮುಂಚೆ ಆ ಪಾರ್ಟ್ ಸಿಗತ್ತಾ ಅಂತ ಒಂದು ಫೋನ್ ಮಾಡಿ ಕೇಳಿದ್ರೆ ಏನೂ ನಷ್ಟ ಇಲ್ಲ.

ನನ್ನ ಎರಡನೇ ಗಾಡಿ ನೋಡೋಕೆ ಹೋದಾಗ ನನಗಿಂತ ಮುಂಚೆ ಬಂದೋರು ನಾಲ್ಕು ಜನ ವಾಪಸ್ ಹೋಗಿದ್ರಂತೆ, ಮಾರೋರೇ ಬೇಜಾರಲ್ಲಿ ಹೇಳಿದ್ರು. ಕರ್ಟನ್ ಮಾಸಿತ್ತು, ಪಂಪ್ ಸತ್ತಿತ್ತು, ಬಾಗಿಲ ಹತ್ರ ಕಾಲಿಟ್ರೆ ಹಳೇ ಮಂಚದ ಥರ ಕಿರುಗುಡ್ತಿತ್ತು. ನಾನು ಒಂದೂವರೆ ಗಂಟೆ ಮೂಲೆ ಒತ್ಕೊಂಡು ಕೂತೆ, ಎಲ್ಲೂ ಮೀಟರ್ 14 ದಾಟಲಿಲ್ಲ. ಟೈರು, ಪಂಪು, ಬ್ಯಾಟರಿ, ನೆಲದ ಕೂಲಿ ಎಲ್ಲಾ ಒಂದು ಚೀಟೀಲಿ ಬರೆದು ಅವರ ಮುಂದೆನೇ ಕೂಡಿಸಿದೆ, ಅಷ್ಟು ಕಳೆದು ಕೊಟ್ರೆ ಈಗಲೇ ತಗೊಂಡು ಹೋಗ್ತೀನಿ ಅಂದೆ, ಅವರೂ ಚೀಟಿ ತಿರುಗಿಸಿ ಮುರುಗಿಸಿ ನೋಡಿ ಒಪ್ಕೊಂಡ್ರು. ನೆಲಕ್ಕೆ ರೆಸಿನ್ ತುಂಬಿ ರಾತ್ರಿಯೆಲ್ಲ ನೀರಿನ ಕ್ಯಾನ್ ಹೇರಿಟ್ಟಿದ್ದೆ. ಆ ಬೆಣೆ ಬಡಿದ ಗುರುತು ಈಗ್ಲೂ ಕಾಣತ್ತೆ, ಮೇಲೆ ಒಂದು ಕಾಲೊರೆಸೋ ಮ್ಯಾಟ್ ಹಾಸಿದ್ದೀನಿ. ನಮಸ್ಕಾರ.