ಕೆಲಸ ಮಾಡಿದ್ದು ಯಾರು?

ಕೇಳುಗರೆ, ನಮಸ್ಕಾರ.

ಹೋದ ತಿಂಗಳು ಬಿ.ಎಸ್ಸಿ. ಕೊನೆ ವರ್ಷದ ಮಕ್ಕಳಿಗೆ ಬೆಳಕಿನಿಂದ ಹೈಡ್ರೋಜನ್ ಮಾಡುವ ವಿಷಯ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮ ತೋಟದಲ್ಲಿ ಸಾವಿರದಿನ್ನೂರು ಅಡಿ ಕೊರೆಸಿದ್ರೂ ಬಂದಿದ್ದು ಧೂಳು. ಇರೋ ನೀರನ್ನೂ ಒಡೆದು ಗ್ಯಾಸ್ ಮಾಡ್ಬೇಕಾ?" ಅಂದ. ಕ್ಲಾಸೆಲ್ಲ ನಕ್ಕಿತು. ಕೋಲಾರದಲ್ಲಿ ನೀರಿನ ಮಾತು ಬಂದರೆ ಪಾಠ ಅಲ್ಲಿಗೆ ನಿಂತ ಹಾಗೆಯೇ.

ಅವನನ್ನೇ ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿದೆ. 1 ಕಿಲೋ ಹೈಡ್ರೋಜನ್‌ಗೆ ಬೇಕಾದ ನೀರು ಸುಮಾರು 9 ಲೀಟರ್. ಮನೆಗೆ ತರಿಸುವ 20 ಲೀಟರ್ ಕ್ಯಾನಿನಲ್ಲಿ ಅರ್ಧಕ್ಕಿಂತ ಕಡಿಮೆ. ಆ ಒಂದು ಕಿಲೋದಲ್ಲಿ ಹೈಡ್ರೋಜನ್ ಕಾರು ಸುಮಾರು 100 ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಬೆಂಗಳೂರು ತಲುಪಿ ಇನ್ನೂ ಮಿಗುತ್ತದೆ. ಹುಡುಗ ಸುಮ್ನೆ ಹೋಗಿ ಕೂತ. ತೊಡಕು ಇರುವುದು ನೀರಿನಲ್ಲಲ್ಲ, ನೀರಿಗೆ ಹಾಕುವ ಚಿಟಿಕೆ ಲೋಹದಲ್ಲಿ. ಇವತ್ತಿನ ಮಾತು ಅದರದ್ದೇ.

ಹೈಡ್ರೋಜನ್ ಬಿಡಿಸುವ ಕೆಲಸಕ್ಕೆ ಪ್ಲಾಟಿನಂ ಬಹಳ ಒಳ್ಳೆಯ ಕ್ರಿಯಾವರ್ಧಕ, ಅಂದರೆ ತಾನು ಖರ್ಚಾಗದೆ ಕೆಲಸದ ವೇಗ ಹೆಚ್ಚಿಸುವ ಪದಾರ್ಥ. ಆದರೆ ಅದು ಒಡವೆ ಅಂಗಡಿಯ ಲೋಹ. ಅದರ ಬದಲು ನಿಕ್ಕಲ್ ಆಗುತ್ತದಾ ಅಂತ ರಸಾಯನ ವಿಜ್ಞಾನಿಗಳು ನೋಡಿದರು. ನಿಕ್ಕಲ್ ನಮಗೆ ಹೊಸದೇನಲ್ಲ. 1962ರ ಒಂದು ರೂಪಾಯಿ ನಾಣ್ಯ ಅಪ್ಪಟ ನಿಕ್ಕಲ್‌ದು. ನಮ್ಮ ತಾತನ ಡಬ್ಬಿಯಲ್ಲಿದ್ದ ಅಂಥದ್ದೊಂದು ಈಗಲೂ ನನ್ನ ಹತ್ತಿರ ಇದೆ. ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಳ್ಳುತ್ತದೆ. ಮಕ್ಕಳಿಗೆ ಪಾಠಕ್ಕಿಂತ ಅದೇ ಇಷ್ಟ.

ನಾಣ್ಯದಲ್ಲಿ ಇರುವುದು ಗಟ್ಟಿ ಲೋಹ. ನಾನು ಹೇಳುತ್ತಿರುವುದು ಅಣುವಿನ ಒಳಗಿನ ನಿಕ್ಕಲ್. ಒಂದೇ ಒಂದು ನಿಕ್ಕಲ್ ಪರಮಾಣು, ಅದನ್ನು ಸುತ್ತಲಿನಿಂದ ಹಿಡಿದುಕೊಂಡಿರುವ ರಂಜಕ, ಸಾರಜನಕ, ಇಂಗಾಲದ ಕೈಗಳು. ಆ ಕೈಗಳಿಗೆ ಲಿಗ್ಯಾಂಡ್ ಅಂತ ಹೆಸರು. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಡ್ಯೂಬಾ ಮತ್ತು ಅವರ ಜೊತೆಯವರು ಇಂಥ ಅಣುಗಳನ್ನು ಕಟ್ಟಿದರು. ಉಪಾಯ ಕಲಿತದ್ದು ಸೂಕ್ಷ್ಮಜೀವಿಗಳಿಂದ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಹೈಡ್ರೋಜನ್ ಮಾಡುವ ಕಿಣ್ವವಿದೆ. ಅದರಲ್ಲಿ ಒಂದು ಬಗೆಯದರೊಳಗೆ ಲೋಹದ ಮಗ್ಗುಲಲ್ಲೇ ಒಂದು ಸಾರಜನಕ ಕಾದು ಕೂತಿರುತ್ತದೆ.

ಅದು ಅಲ್ಲಿ ಯಾಕಿದೆ ಅಂತ ತಿಳಿಯಬೇಕಾದರೆ ನಮ್ಮ ಟೊಮೇಟೊ ಮಂಡಿಗೆ ಬನ್ನಿ. ಸೀಸನ್‌ನಲ್ಲಿ ಬೆಳಗ್ಗೆ ಹರಾಜು ಮುಗಿದ ಮೇಲೆ ಲೋಡಿಂಗ್ ನೋಡಬೇಕು. ಲಾರಿ ಮೇಲೊಬ್ಬ ಜೋಡಿಸುತ್ತಾನೆ. ಕೆಳಗೊಬ್ಬ 15 ಕಿಲೋ ಬಾಕ್ಸ್ ಎತ್ತಿ ಅವನ ಕೈಗೇ ಕೊಡುತ್ತಾನೆ. ಕೆಳಗಿನವನು ಇಲ್ಲದಿದ್ದರೆ ಮೇಲಿನವನು ಪ್ರತಿ ಬಾಕ್ಸಿಗೂ ಇಳಿದು ಹತ್ತಬೇಕು. ನಿಕ್ಕಲ್ ಲಾರಿ ಮೇಲಿನವನು. ಸಾರಜನಕ ಕೆಳಗಿನವನು. ನೀರಿನಿಂದ ಪ್ರೋಟಾನನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ ಪರಮಾಣುವನ್ನು, ಎತ್ತಿ ನಿಕ್ಕಲ್ ಕೈಗೆ ಕೊಡುವುದು ಅದರ ಕೆಲಸ.

ಅದರಲ್ಲೂ ಒಂದು ಫಜೀತಿ ಇದೆ. ಕೆಲವು ಸಲ ಪ್ರೋಟಾನ್ ಸಾರಜನಕದ ಒಳಮಗ್ಗುಲಿಗೆ ಬರುವ ಬದಲು ಹೊರಮಗ್ಗುಲಿಗೆ ಅಂಟಿಕೊಳ್ಳುತ್ತದೆ. ಬಾಕ್ಸ್ ಹೊತ್ತವನು ಲಾರಿಯ ಆ ಕಡೆ ನಿಂತ ಹಾಗೆ. ಕೈಯಲ್ಲಿ ಬಾಕ್ಸ್ ಇದೆ, ನಡುವೆ ಲಾರಿಯ ಹಲಗೆ. ಇಳಿಸಬೇಕು, ಸುತ್ತಿ ಬರಬೇಕು, ಮತ್ತೆ ಎತ್ತಬೇಕು. ಈ ಅಣುಗಳ ವೇಗ ಸೋರಿಹೋಗುವ ಒಂದು ಜಾಗ ಇದು.

2011ರಲ್ಲಿ ಡ್ಯೂಬಾ ತಂಡದ ಒಂದು ಅಣು ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು ಹೈಡ್ರೋಜನ್ ಅಣುಗಳನ್ನು ಮಾಡಿತು. ದೊಡ್ಡ ಸುದ್ದಿಯಾಯಿತು. ಆದರೆ ಅದು ಕರೆಂಟಿನಲ್ಲಿ ನಡೆದ ಕೆಲಸ, ಅದೂ ಆಮ್ಲ ಹಾಕಿದ ದ್ರಾವಕದಲ್ಲಿ. ಅದೇ ವರ್ಷ ಅದೇ ಕುಟುಂಬದ ಇನ್ನೊಂದು ನಿಕ್ಕಲ್ ಅಣುವನ್ನು ರೋಚೆಸ್ಟರ್ ವಿಶ್ವವಿದ್ಯಾಲಯದವರು ನೀರಿದ್ದ ದ್ರಾವಣದಲ್ಲಿ, ಬೆಳಕಿನಲ್ಲಿ ಓಡಿಸಿದರು. 150 ಗಂಟೆಯಲ್ಲಿ ಒಂದೊಂದು ಅಣುವೂ ಸುಮಾರು 2700 ಹೈಡ್ರೋಜನ್ ಕೊಟ್ಟಿತು. ಭಾಗಿಸಿ ನೋಡಿ, ಗಂಟೆಗೆ 18. ಅಲ್ಲಿ ಸೆಕೆಂಡಿಗೆ ಲಕ್ಷ, ಇಲ್ಲಿ ಗಂಟೆಗೆ 18!

ಅಣು ಸೋಮಾರಿಯಾಯಿತಾ? ಇಲ್ಲ. ಅದಕ್ಕೆ ಸರಕೇ ಬರುತ್ತಿಲ್ಲ. ಬೆಳಕನ್ನು ಹಿಡಿಯುವುದು ನಿಕ್ಕಲ್ ಅಲ್ಲ, ಪಕ್ಕದಲ್ಲಿ ಹಾಕಿದ ಬಣ್ಣ. ಬಣ್ಣದ ಅಣುವಿಗೆ ಬೆಳಕಿನ ಕಣ ತಾಗಿದರೆ ಒಂದು ಎಲೆಕ್ಟ್ರಾನ್ ಕೈ ಬದಲಾಯಿಸಿ ನಿಕ್ಕಲ್‌ಗೆ ಹೋಗುತ್ತದೆ. ಒಂದೇ. ಒಂದು ಹೈಡ್ರೋಜನ್ ಅಣು ಆಗಬೇಕಾದರೆ ಎರಡು ಬೇಕು. ಎರಡನೆಯದು ಬರುವ ತನಕ ನಿಕ್ಕಲ್ ಒಂದನ್ನು ಕಂಕುಳಲ್ಲಿಟ್ಟುಕೊಂಡು ಕಾಯಬೇಕು. ಕರೆಂಟಾದರೆ ನಲ್ಲಿ ಬಿಟ್ಟ ಹಾಗೆ ಸುರಿಯುತ್ತದೆ. ಬೆಳಕು ನಮ್ಮ ಕಡೆಯ ಮಳೆಯ ಹಾಗೆ, ಒಂದು ಹನಿ ಬಿದ್ದರೆ ಇನ್ನೊಂದಕ್ಕೆ ಆಕಾಶ ನೋಡಬೇಕು. ಈ ಕಾಯುವ ಹೊತ್ತೇ ಅಪಾಯದ ಹೊತ್ತು. ಅರ್ಧ ತುಂಬಿದ ನಿಕ್ಕಲ್ ಸಿಕ್ಕ ಸಿಕ್ಕದ್ದರ ಜೊತೆ ಸೇರಿಕೊಳ್ಳುತ್ತದೆ, ಲಿಗ್ಯಾಂಡ್ ಕಳಚಿಕೊಳ್ಳುತ್ತದೆ.

ಕಳಚುವುದೆಲ್ಲ ಕೆಟ್ಟದ್ದೂ ಅಲ್ಲ. 2012ರಲ್ಲಿ ರೋಚೆಸ್ಟರ್‌ನವರದ್ದೇ ಇನ್ನೊಂದು ಅಣು ಬಂತು. ಅದರಲ್ಲಿ ನಿಕ್ಕಲ್ಲನ್ನು ಹಿಡಿದಿರುವುದು ಗಂಧಕ ಮತ್ತು ಪಿರಿಡೀನ್ ಅನ್ನುವ ಉಂಗುರದ ಸಾರಜನಕ. ಕೆಲಸದ ನಡುವೆ ಆ ಸಾರಜನಕ ನಿಕ್ಕಲ್ಲಿನ ಕೈ ಬಿಟ್ಟು, ಪ್ರೋಟಾನ್ ಹಿಡಿದುಕೊಂಡು ತಿರುಗುತ್ತದೆ. ಗಂಧಕ ಮಾತ್ರ ಬಿಡುವುದಿಲ್ಲ. ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಕೈ ಬಿಂದಿಗೆ ಮೇಲೆ ಅಂದ ಹಾಗೆ. 40 ಗಂಟೆಯಲ್ಲಿ 5500 ಸುತ್ತು ದಾಟಿತು, ಸುತ್ತಿಗೊಂದು ಹೈಡ್ರೋಜನ್ ಅಣು. ನನಗೆ ಇವುಗಳಲ್ಲೆಲ್ಲ ಜಾಸ್ತಿ ಇಷ್ಟವಾದ ಅಣು ಇದೇ.

ಆ ಪ್ರಯೋಗದ ಬಣ್ಣ ಫ್ಲೋರೆಸಿನ್. ಕಣ್ಣಿನ ಡಾಕ್ಟರು ಕಾಗದದ ಪಟ್ಟಿಯಿಂದ ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟು ನೋಡುತ್ತಾರಲ್ಲ, ಆ ಹಳದಿ ಹಸಿರು ಬಣ್ಣ. ಅದರ ತಮ್ಮ ಇಯೋಸಿನ್, ಹಳೇ ಕೆಂಪು ಇಂಕಿನದು. ಕಿಟಕಿ ಪಕ್ಕ ಇಟ್ಟ ಉತ್ತರ ಪತ್ರಿಕೆಯಲ್ಲಿ ನಾನು ಕೆಂಪು ಇಂಕಿನಲ್ಲಿ ಹಾಕಿದ್ದ ಅಂಕಗಳು ಒಂದು ಬೇಸಿಗೆಗೆ ಮಾಸಿಹೋಗಿದ್ದವು. ಇಂಥ ಬಹಳ ಪ್ರಯೋಗಗಳಲ್ಲಿ ಆಗುವುದೂ ಅದೇ. ನಿಕ್ಕಲ್‌ಗಿಂತ ಮೊದಲು ಬಣ್ಣ ಸಾಯುತ್ತದೆ. ಗ್ಯಾಸ್ ಬರುವುದು ನಿಂತಿತು ಅಂದ ತಕ್ಷಣ ನಿಕ್ಕಲ್ ಕೆಟ್ಟಿತು ಅನ್ನಬಾರದು. ಸೀಸೆಗೆ ಹೊಸದಾಗಿ ಒಂದಿಷ್ಟು ಬಣ್ಣ ಹಾಕಿ ನೋಡಬೇಕು. ಗುಳ್ಳೆ ಮತ್ತೆ ಎದ್ದರೆ ನಿಕ್ಕಲ್ ಬದುಕಿದೆ ಅಂತ ಅರ್ಥ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಸೀಸೆಗೆ ಅಣುವನ್ನು ಹಾಕಿದ್ದು ನಾವು, ಸರಿ. ಹೈಡ್ರೋಜನ್ ಮಾಡಿದ್ದು ಆ ಅಣುವೇನಾ? ಲಿಗ್ಯಾಂಡ್ ಪೂರ್ತಿ ಕಳಚಿದರೆ ನಿಕ್ಕಲ್ ಪರಮಾಣುಗಳು ಒಂದಕ್ಕೊಂದು ಅಂಟಿ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗುತ್ತವೆ. ಆ ಪುಡಿಯೂ ಹೈಡ್ರೋಜನ್ ಮಾಡುತ್ತದೆ. ಆಗ ಹೆಸರು ಅಣುವಿಗೆ, ದುಡಿದದ್ದು ಪುಡಿ.

ಹಿಡಿಯುವುದು ಹೇಗೆ? ಮೊದಲು ಗಡಿಯಾರ ನೋಡುತ್ತಾರೆ. ಬೆಳಕು ಬಿಟ್ಟ ಕೂಡಲೇ ಗ್ಯಾಸ್ ಶುರುವಾದರೆ ಒಳ್ಳೆಯ ಲಕ್ಷಣ. ಸ್ವಲ್ಪ ಹೊತ್ತು ಏನೂ ಇಲ್ಲದೆ, ಆಮೇಲೆ ಜೋರಾದರೆ ಅನುಮಾನ ಪಡಬೇಕು. ಆ ಹೊತ್ತಿನಲ್ಲಿ ಒಳಗೆ ಬೇರೇನೋ ತಯಾರಾಗಿರಬಹುದು. ಒಂದು ತೊಟ್ಟು ಪಾದರಸ ಹಾಕುವುದೂ ಉಂಟು, ಅದು ಲೋಹದ ಪುಡಿಯ ಬಾಯಿ ಮುಚ್ಚಿಸುತ್ತದೆ ಅಂತ. ಅದೊಂದನ್ನೇ ನಂಬಿ ತೀರ್ಪು ಕೊಡುವ ಹಾಗಿಲ್ಲ. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಎಕ್ಸ್‌ರೇ. ಎಷ್ಟು ವೇಗ ಅನ್ನುವ ಅಂಕಿಗಿಂತ ಮೊದಲು ನಾನು ಓದುವುದು ಈ ಪರೀಕ್ಷೆಗಳ ಪುಟವನ್ನು. ಅದಿಲ್ಲದಿದ್ದರೆ ಅಂಕಿ ಎಷ್ಟು ದೊಡ್ಡದಿದ್ದರೂ ನನಗೆ ರುಚಿಸುವುದಿಲ್ಲ.

ದೊಡ್ಡ ಅಂಕಿ ಅಂದರೆ 2012ರ ಇನ್ನೊಂದು ಪ್ರಯೋಗ. ಅದೂ ರೋಚೆಸ್ಟರ್‌ನದೇ. ಮಾಸುವ ಬಣ್ಣವನ್ನು ಬಿಟ್ಟು ಕ್ಯಾಡ್ಮಿಯಂ ಸೆಲೆನೈಡ್‌ನ ನ್ಯಾನೋ ಹರಳು ಹಾಕಿದರು. ನೀರಿಗೆ ಸಾದಾ ನಿಕ್ಕಲ್ ಉಪ್ಪು ಹಾಕಿದರು, ಕ್ರಿಯಾವರ್ಧಕ ಅಲ್ಲೇ ಕಟ್ಟಿಕೊಂಡಿತು. 6 ಲಕ್ಷ ಸುತ್ತಿಗೂ ಹೆಚ್ಚು, 360 ಗಂಟೆ ದಾಟಿದರೂ ಸುಸ್ತಿಲ್ಲ. ಕ್ಯಾಡ್ಮಿಯಂ ವಿಷ ಅನ್ನುವುದನ್ನು ಮರೆಯಬಾರದು, ಆದರೂ ಭಲೇ ಅನ್ನಬೇಕು.

ಅಷ್ಟಕ್ಕೂ ಈ ಪ್ರಯೋಗದಲ್ಲಿ ಎಲೆಕ್ಟ್ರಾನ್ ಒದಗಿಸಿದ್ದು ಯಾರು? ವಿಟಮಿನ್ ಸಿ. ಬೆಟ್ಟದ ನೆಲ್ಲಿಕಾಯಿಯಲ್ಲಿ ಇರುವುದೇ. ಇದು ಕೊಟ್ಟು ಮುಗಿದುಹೋಗುವ ಪದಾರ್ಥ. ನಿಜವಾಗಿ ಎಲೆಕ್ಟ್ರಾನ್ ಬರಬೇಕಾದದ್ದು ನೀರಿನಿಂದಲೇ, ಆಗ ಆಮ್ಲಜನಕವೂ ಹೊರಬರುತ್ತದೆ. ಆ ಅರ್ಧ ಇನ್ನೂ ಕಷ್ಟ. ಸದ್ಯಕ್ಕೆ ಈ ಅರ್ಧವನ್ನು ಪರೀಕ್ಷಿಸಲು ವಿಟಮಿನ್ ಸಿ ಸಾಲ ತಂದಿದ್ದಾರೆ, ಅಷ್ಟೆ.

ಶ್ರೀನಿವಾಸಪುರದ ಹುಡುಗ ಇಷ್ಟು ಕೇಳಿದವನು ತಾನೇ ಬೋರ್ಡಿಗೆ ಬಂದ. ಒಂದು ಹೈಡ್ರೋಜನ್ ಅಣುವಿಗೆ ಒಂದು ವಿಟಮಿನ್ ಸಿ ಅಣು ಅಂತ ಹಿಡಿದು ಗುಣಿಸಿದ. 1 ಕಿಲೋ ಹೈಡ್ರೋಜನ್‌ಗೆ ಸುಮಾರು 87 ಕಿಲೋ ವಿಟಮಿನ್ ಸಿ ಬಂತು. ಸೀಮೆಸುಣ್ಣ ಕೆಳಗಿಟ್ಟು ನನ್ನ ಕಡೆ ತಿರುಗಿದ. "ಸಾರ್, ಬೆಂಗಳೂರಿಗೆ ಬಸ್ಸಲ್ಲೇ ಹೋಗೋಣ" ಅಂದ.